ಹಾಸಿಗೆ ಪರೀಕ್ಷೆಯವರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಇಪ್ಪತ್ತು ದಿನ ತಡವಾಗಿ, ಅದೂ ಬಸ್ ಕಂಡಕ್ಟರೊಬ್ಬರ ಬಾಯಿಂದ. ಬೇಲೂರಿನಿಂದ ಅರಸೀಕೆರೆಗೆ ಬರುವ ಬೆಳಗಿನ ಬಸ್ಸನ್ನು ನಮ್ಮ ಘಟಕದ ಮುಂದೆ ನಿಧಾನ ಮಾಡಿಸಿ, ಬಾಗಿಲಲ್ಲೇ ನಿಂತು, "ಮೇಡಂ, ನಿಮ್ಮ ಹಾಸ್ಗೆ ಸಾಹೇಬ್ರು ಹೋಗ್ಬುಟ್ರಂತೆ. ಗೊತ್ತಾಯ್ತಾ?" ಎಂದರು. ನಾನು ಉತ್ತರ ಕೊಡುವಷ್ಟರಲ್ಲಿ ಬಸ್ಸು ಮುಂದೆ ಹೋಯಿತು. ಕೈಯಲ್ಲಿ ನಾರಿನ ಕಂತೆ ಹಿಡಿದುಕೊಂಡು ರಸ್ತೆಯಂಚಿನಲ್ಲೇ ಒಂದಷ್ಟು ಹೊತ್ತು ನಿಂತಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆಗ ಅವರ ಜೊತೆಗಿದ್ದು ಈಗಲೂ ಕೆಲಸದಲ್ಲಿರುವ ಕೆಲವರಿಗೆ ಇರುಸುಮುರುಸಾಗುತ್ತದೆ. ಹೇಗೂ ನಮ್ಮಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ನಮಗೆಲ್ಲ ಅವರು ಹಾಸಿಗೆ ಪರೀಕ್ಷೆಯವರು.

ನಮ್ಮದು ಅರಸೀಕೆರೆಯಿಂದ ಬಾಣಾವರಕ್ಕೆ ಹೋಗುವ ರಸ್ತೆಯಲ್ಲಿರುವ ಹೆಂಗಸರ ನಾರಿನ ಸಂಘ. ಕೊಬ್ಬರಿ ಊರಿನಲ್ಲಿ ತೆಂಗಿನ ಸಿಪ್ಪೆಗೆ ಬರವಿಲ್ಲ. ನಾರನ್ನು ಸುರುಳಿ ಮಾಡಿ, ಬಿಡಿಸಿ, ಹರಡಿ, ರಬ್ಬರ್ ಹಾಲು ಸಿಂಪಡಿಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಗಟ್ಟಿ ಹಾಸಿಗೆಯಾಗುತ್ತದೆ. ಹದಿನೆಂಟು ಜನ ಹೆಂಗಸರು, ನಾನು ಕಾರ್ಯದರ್ಶಿ. ಸರ್ಕಾರಿ ಹಾಸ್ಟೆಲ್ಲುಗಳಿಗೆ ಹಾಸಿಗೆ ಕೊಡುವ ಕೆಲಸ ಸಿಕ್ಕಿದಾಗ, ಇಲಾಖೆಯ ಕಡೆಯಿಂದ ಮಾಲು ನೋಡಿ ಒಪ್ಪುವುದೋ ಬಿಡುವುದೋ ಹೇಳಲು ಬಂದವರು ಇವರು.

ಮೊದಲ ದಿನ ಬೇಲೂರು ಬಸ್ಸಿಂದ ಇಳಿದರು. ಎಣ್ಣೆ ಹಚ್ಚಿ ಒತ್ತಿ ಬಾಚಿದ ತಲೆ, ಅರ್ಧ ತೋಳಿನ ಬಿಳಿ ಅಂಗಿ, ಹೆಗಲಿಗೊಂದು ಚೀಲ. ಚೀಲದಲ್ಲಿ ಟೇಪು, ತಕ್ಕಡಿಯ ಕೊಕ್ಕೆ, ಒಂದು ಉದ್ದ ಸೂಜಿ. ನಮ್ಮಲ್ಲಿ ಹಿರಿಯಳಾದ ಗಂಗಮ್ಮ ಟೀ ತಂದಿಟ್ಟಳು. ಸರ್ಕಾರದ ಕಡೆಯ ಪ್ರಾಮಾಣಿಕರು ಇಂಥದ್ದನ್ನು ಮುಟ್ಟುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಅವರು ಕುಡಿದರು. ಕುಡಿದು, "ಇನ್ನೊಂದು ಅರ್ಧ ಇದೆಯಾ?" ಎಂದು ಕೇಳಿದರು.

ಎಷ್ಟೋ ದಿನದ ಮೇಲೆ ಆ ಮಾತು ಬಂದಾಗ ಅವರೇ ಹೇಳಿದ್ದು: "ನಮ್ಮಪ್ಪನಿಗೆ ಊರಿನ ಹೋಟೆಲಿನಲ್ಲಿ ಟೀ ಬೇಕು ಅಂದ್ರೆ ಬೇರೆ ಲೋಟ, ಹೊರಗಡೆ ಕೂತ್ಕೊಂಡು. ಯಾರಾದ್ರೂ ಎಲ್ಲರಿಗೂ ಕೊಡೋ ಲೋಟದಲ್ಲೇ ಕೊಟ್ರೆ ಬೇಡ ಅನ್ನಬ್ಯಾಡ ಕಣೋ ಅಂತಿದ್ರು. ಟೀ ಕುಡಿದ್ರೆ ಪಾಸ್ ಮಾಡ್ಬೇಕು ಅಂತ ಎಲ್ಲೂ ಬರೆದಿಲ್ಲವಲ್ಲ ಮೇಡಂ." ಇದನ್ನು ಹೇಳುವಾಗ ಅವರ ದನಿಯಲ್ಲಿ ಕಹಿಯೇನೂ ಇರಲಿಲ್ಲ. ಅವರ ತಂದೆಯ ಕಾಲದಲ್ಲೇ ಮನೆಯವರು ಬೌದ್ಧರಾದರಂತೆ. ಬೇಲೂರಿನ ಅವರ ಮನೆಯ ಪಡಸಾಲೆಯಲ್ಲಿ ಬುದ್ಧನದೊಂದು ಸಣ್ಣ ಪಟ, ಅದರ ಕೆಳಗೆ ಮಕ್ಕಳ ಅಂಕಪಟ್ಟಿಗಳ ಕಡತ ಇದ್ದದ್ದನ್ನು ನಾನು ಆಮೇಲೆ ನೋಡಿದೆ.

ಅಳತೆ, ತೂಕ ಎಲ್ಲ ಮುಗಿದ ಮೇಲೆ ಅವರು ಬೂಟು ಕಳಚಿ, ಕರವಸ್ತ್ರವನ್ನು ತಲೆಯ ಕೆಳಗೆ ಹಾಸಿ, ರಾಶಿಯಿಂದ ಎಳೆದ ಯಾವುದೋ ಒಂದು ಹಾಸಿಗೆಯ ಮೇಲೆ ಅಂಗಾತ ಮಲಗುತ್ತಿದ್ದರು. ಹತ್ತು ನಿಮಿಷ. ಆಮೇಲೆ ಎಡ ಮಗ್ಗುಲು, ಬಲ ಮಗ್ಗುಲು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಒಂದು ಸಲ ಹಾಗೆ ಮಲಗಿದವರು ಗೊರಕೆಯನ್ನೇ ಹೊಡೆದುಬಿಟ್ಟರು. ಗಂಗಮ್ಮ, "ಪಾಸಾಯ್ತು ಕಣವ್ವ" ಎಂದಳು. ಅವರು ಕಣ್ಣು ಬಿಟ್ಟು, "ಇಲ್ಲ ಕಣಮ್ಮ. ರಾತ್ರಿ ನಿದ್ದೆ ಇರಲಿಲ್ಲ, ಇವತ್ತು ಕಲ್ಲಿನ ಮೇಲೂ ಬರ್ತಿತ್ತು," ಎಂದು ಎದ್ದು ಮತ್ತೆ ಟೇಪು ಹಿಡಿದರು.

ಚೆನ್ನಾಗಿದೆ ಎಂಬ ಪದ ಅವರಿಗೆ ಆಗುತ್ತಿರಲಿಲ್ಲ. "ಹೇಗಿದೆ ಸಾರ್?" ಎಂದರೆ, "ನಾಲ್ಕು ಅಂಗುಲ ಇದೆ" ಎನ್ನುವರು. ನಾನು ಒಮ್ಮೆ ರೇಗಿ, "ಚೆನ್ನಾಗಿದೆ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದೆ. "ಚೆನ್ನಾಗಿದೆ ಅನ್ನೋದು ಅಳತೆ ಅಲ್ಲ ಮೇಡಂ. ನಾಳೆ ಯಾರಾದ್ರೂ ಬಂದು ಚೆನ್ನಾಗಿಲ್ಲ ಅಂದ್ರೆ ನೀವು ಏನು ತೋರಿಸ್ತೀರಿ?" ಎಂದರು.

ಎರಡು ವರ್ಷ ಹೀಗೆ ಸಣ್ಣ ಸಣ್ಣ ಆರ್ಡರುಗಳು ನಡೆದವು. ಆಮೇಲೆ ದೊಡ್ಡದೊಂದು ಬಂತು. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಹಾಸ್ಟೆಲ್ಲುಗಳಿಗೆಲ್ಲ ನಮ್ಮದೇ ಹಾಸಿಗೆ. ಕರಾರಿಗೆ ಸಹಿ ಹಾಕುವ ಮೊದಲು ಒಂದು ಸಭೆ ನಡೆಯಿತು. ಇಲಾಖೆಯ ಅಧಿಕಾರಿ, ಪರೀಕ್ಷೆಯವರು, ನಾನು ಮೂವರೇ ಇದ್ದದ್ದು. ಕರಾರಿನಲ್ಲಿ ಹಾಸಿಗೆಯನ್ನು ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ಒಂದು ನಿಯಮ ಬರೆದಿತ್ತು. ಹಾಸಿಗೆಯ ಮೇಲೆ ಒಂದು ದಿನ ಭಾರ ಹೇರಿಡುವುದು, ತೆಗೆದ ಮೇಲೆ ಅದು ಎಷ್ಟು ಮೇಲೇಳುತ್ತದೆ ಎಂದು ಅಳೆಯುವುದು. ನಾವು ಅದಕ್ಕೆ ತಕ್ಕಂತೆ ಹಾಸಿಗೆ ಮಾಡಿದೆವು. ನಾವು ಮಾಡುತ್ತಿದ್ದಾಗಲೇ ಆ ನಿಯಮ ಬದಲಾಯಿತು. ಹೊಸ ನಿಯಮದ ಪ್ರಕಾರ ಯಂತ್ರವೊಂದು ಹಾಸಿಗೆಯನ್ನು ಸಾವಿರಾರು ಸಲ ಒತ್ತಿ ಬಿಡಬೇಕು, ಮಗುವೊಂದು ವರ್ಷಗಟ್ಟಲೆ ಅದರ ಮೇಲೆ ಮಲಗಿ ಎದ್ದ ಹಾಗೆ. ಇಲಾಖೆ ನಮ್ಮ ಹಾಸಿಗೆಗಳಲ್ಲಿ ಕೆಲವನ್ನು ಹೊಸ ನಿಯಮದ ಯಂತ್ರಕ್ಕೆ ಕೊಟ್ಟಿತು. ಅವು ನಡುವಿನಲ್ಲಿ ಕುಸಿದವು.

ಅಷ್ಟೂ ಮಾಲು ತಿರಸ್ಕಾರ. ಎಲ್ಲವನ್ನೂ ಬದಲಾಯಿಸಿ ಕೊಡಿ, ಇಲ್ಲವಾದರೆ ಕರಾರು ರದ್ದು, ಮುಂದೆ ಯಾವ ಸರ್ಕಾರಿ ಕೆಲಸಕ್ಕೂ ನೀವು ಬರುವಂತಿಲ್ಲ ಎಂಬ ಪತ್ರ ಬಂತು. ಕೆಳಗೆ ಪರೀಕ್ಷೆಯವರದ್ದೇ ಸಹಿ, ಗುಂಡಗಿನ ಅಕ್ಷರದಲ್ಲಿ.

ಗಂಗಮ್ಮ ಪತ್ರ ಓದಿಸಿಕೊಂಡು ಕೇಳಿ, "ನಮ್ ಟೀ ಕುಡ್ದು ನಮ್ ಹಾಸ್ಗೇನೇ ಒದ್ಬುಟ್ನಲ್ಲವ್ವ" ಎಂದಳು. ಯಾರೂ ನಗಲಿಲ್ಲ. ಆ ಹದಿನೆಂಟು ಮಂದಿಯಲ್ಲಿ ಕೆಲವರಿಗೆ ಮನೆಯಲ್ಲಿ ಮಾತಿಗೊಂದು ಬೆಲೆ ಬಂದದ್ದೇ ಈ ಕೆಲಸದಿಂದ. ಘಟಕ ಮುಚ್ಚಿದರೆ ಅವರು ಮತ್ತೆ ಯಾರ್ಯಾರ ಬಾಗಿಲಿಗೆ ಕೂಲಿ ಕೇಳಿಕೊಂಡು ಹೋಗಬೇಕು ಎಂದು ನನಗೆ ಗೊತ್ತಿತ್ತು. ನಾನು ಪರೀಕ್ಷೆಯವರಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, "ಯಂತ್ರದಲ್ಲಿ ಫೇಲಾಗಿದೆ ಮೇಡಂ, ಫೇಲು ಅಂತ ಬರೆದೆ. ಯಾವ ನಿಯಮ ಹಾಕ್ಬೇಕು ಅಂತ ತೀರ್ಮಾನ ಮಾಡೋನು ನಾನಲ್ಲ. ಅದನ್ನ ನೀವು ಮೇಲಿನವರ ಹತ್ರ ಕೇಳಬಹುದು. ಕರಾರಿನ ಕೊನೇ ಪುಟದಲ್ಲಿ ದಾರಿ ಬರೆದಿದೆ, ಓದಿ," ಎಂದರು.

ಸಿಟ್ಟಿನಲ್ಲಿ ಫೋನ್ ಇಟ್ಟೆ. ಆಮೇಲೆ ಕೊನೇ ಪುಟ ತೆಗೆದೆ. ವಿವಾದ ಬಂದರೆ ಇಬ್ಬರೂ ಒಪ್ಪುವ ಮಧ್ಯಸ್ಥರ ಮುಂದೆ ಹೋಗಬಹುದು ಎಂದು ಅಲ್ಲಿ ಇತ್ತು. ಅಷ್ಟು ದಿನ ಅದನ್ನು ನಾನು ಓದಿಯೇ ಇರಲಿಲ್ಲ.

ವಿಚಾರಣೆ ನಡೆದದ್ದು ಹಾಸನದಲ್ಲಿ, ಒಬ್ಬ ನಿವೃತ್ತ ನ್ಯಾಯಾಧೀಶರ ಮುಂದೆ. ಗಂಗಮ್ಮನೂ ನನ್ನ ಜೊತೆ ಬಂದಿದ್ದಳು. ನಮ್ಮ ವಾದ ಸರಳ. ಕರಾರಿನಲ್ಲಿ ಬರೆದದ್ದು ಹಳೆಯ ನಿಯಮ, ಅದರಲ್ಲಿ ನಮ್ಮ ಹಾಸಿಗೆ ಪಾಸಾಗುತ್ತದೆ. ಅದಕ್ಕೆ ಇಲಾಖೆಯ ಅಧಿಕಾರಿ ಎದ್ದು, "ಸಹಿಗೆ ಮುಂಚೆ ನಡೆದ ಸಭೆಯಲ್ಲೇ ಹೊಸ ನಿಯಮ ಬರ್ತಾ ಇದೆ, ಅದರಂತೆ ಮಾಡಿ ಅಂತ ಇವರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದೇವೆ. ಇವರು ಒಪ್ಪಿದ್ದರು. ನಮ್ಮ ಪರೀಕ್ಷಾಧಿಕಾರಿಗಳೂ ಆ ಸಭೆಯಲ್ಲಿದ್ದರು, ಅವರನ್ನೇ ಕೇಳಬಹುದು," ಎಂದರು.

ಅಂಥ ಮಾತೇ ಆ ಸಭೆಯಲ್ಲಿ ಬಂದಿರಲಿಲ್ಲ. ಆದರೆ ಇದ್ದವರು ಮೂವರು. ಇಬ್ಬರು ಹೌದೆಂದರೆ ನನ್ನ ಮಾತು ಯಾರು ನಂಬುತ್ತಾರೆ?

ಪರೀಕ್ಷೆಯವರು ಎದ್ದು ನಿಂತರು. ಅದೇ ಬಿಳಿ ಅಂಗಿ. ಅಧಿಕಾರಿಯ ಕಡೆಗೂ ನೋಡಲಿಲ್ಲ, ನಮ್ಮ ಕಡೆಗೂ ನೋಡಲಿಲ್ಲ.

"ಆ ಸಭೆಯಲ್ಲಿ ನಾನಿದ್ದೆ ಸ್ವಾಮಿ. ಹೊಸ ನಿಯಮದ ಮಾತು ಬರಲಿಲ್ಲ."

"ಸರಿಯಾಗಿ ನೆನಪು ಮಾಡಿಕೊಳ್ಳಿ," ಎಂದರು ಅಧಿಕಾರಿ.

"ನೆನಪಿದೆ ಸಾರ್. ಬಂದಿದ್ದರೆ ನಾನೇ ಬರೆದುಕೊಳ್ತಿದ್ದೆ."

ಮಧ್ಯಸ್ಥರು ಬರೆದುಕೊಂಡು, ಕೂರಬಹುದು ಎಂದು ಸನ್ನೆ ಮಾಡಿದರು. ಅವರು ಕೂರಲಿಲ್ಲ.

"ಇನ್ನೊಂದು ಮಾತಿದೆ, ಅದನ್ನೂ ಬರೆದುಕೊಳ್ಳಬೇಕು. ಈ ಹಾಸಿಗೆಗಳು ಎರಡು ಮೂರು ವರ್ಷಕ್ಕೆ ನಡುವಿನಲ್ಲಿ ಕುಸೀತವೆ. ಹೊಸ ನಿಯಮ ಬಂದಿರೋದು ಅದಕ್ಕೇ."

"ಯಾವ ನಿಯಮ ಒಳ್ಳೇದು ಅನ್ನೋದು ಇಲ್ಲಿನ ಪ್ರಶ್ನೆ ಅಲ್ಲ," ಎಂದರು ಮಧ್ಯಸ್ಥರು, ಮೆತ್ತಗೆ.

"ಹೌದು ಸ್ವಾಮಿ. ಆದರೆ ಮಲಗೋ ಮಕ್ಕಳಿಗೆ ಅದೊಂದೇ ಪ್ರಶ್ನೆ," ಎಂದು ಕೂತರು.

ನಾವು ಗೆದ್ದೆವು. ಹಳೆಯ ನಿಯಮದ ಪ್ರಕಾರ ಮಾಲನ್ನು ಇಲಾಖೆ ಒಪ್ಪಬೇಕು ಎಂದು ತೀರ್ಪಾಯಿತು. ನಮ್ಮ ಹಾಸಿಗೆಗಳು ಲಾರಿ ಹತ್ತಿ ಹಾಸ್ಟೆಲ್ಲುಗಳಿಗೆ ಹೋದವು. ಹೆಂಗಸರು ಕಾಯಿ ಒಬ್ಬಟ್ಟು ಮಾಡಿದರು. ನಾನು ಒಂದು ಡಬ್ಬಿ ತುಂಬಿಸಿಕೊಂಡು ಅವರ ಕಚೇರಿಗೆ ಹೋದೆ. ಹೋದಾಗ ಅವರು ಕಪಾಟಿನ ಕಡತಗಳನ್ನು ಪಕ್ಕದ ಮೇಜಿನವರಿಗೆ ಒಪ್ಪಿಸುತ್ತಿದ್ದರು. ಬೀದರ್ ಕಡೆಗೆ ವರ್ಗವಾಗಿತ್ತು. ನಿವೃತ್ತಿಗೆ ಉಳಿದಿದ್ದದ್ದು ಎರಡು ಚಿಲ್ಲರೆ ವರ್ಷ, ಬೇಲೂರಿನ ಮನೆಯಲ್ಲಿ ಹೆಂಡತಿಗೆ ಮಂಡಿ ನೋವು. ಯಾಕೆ ವರ್ಗವಾಯಿತು ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

"ನಮ್ಮನ್ನ ಉಳಿಸಿದ್ರಿ ಸಾರ್. ಅದಕ್ಕೆ ನಿಮಗೆ ಹೀಗಾಯ್ತು," ಎಂದೆ.

"ಉಳಿಸಲಿಲ್ಲ ಮೇಡಂ. ಕೇಳಿದ್ರು, ಹೇಳಿದೆ." ಒಬ್ಬಟ್ಟನ್ನು ಅಲ್ಲೇ ನಿಂತು ತಿಂದರು. ಕೈ ಒರೆಸಿಕೊಂಡು, "ನೀವು ಗೆದ್ದಿರಿ. ಹಾಸಿಗೆ ಗೆದ್ದಿಲ್ಲ," ಎಂದರು. ಒಂದು ಹಾಳೆ ತೆಗೆದು ಬರೆದುಕೊಟ್ಟರು. ಉದ್ದ ನಾರು ಎಷ್ಟು ಪಾಲು ಇರಬೇಕು, ರಬ್ಬರ್ ಹಾಲು ಎರಡನೇ ಸಲ ಯಾವಾಗ ಕೊಡಬೇಕು, ಪ್ರೆಸ್ಸಿನಲ್ಲಿ ಇನ್ನೆಷ್ಟು ಹೊತ್ತು ಬಿಡಬೇಕು. ಗೆದ್ದ ದಿನ ಪಾಠ ಹೇಳಿಸಿಕೊಂಡು ಬಂದೆನಲ್ಲ ಎಂದು ನನ್ನ ಮುಖ ಸಪ್ಪಗಾಯಿತು. ಆ ಹಾಳೆಯನ್ನು ಡ್ರಾಯರಿಗೆ ಹಾಕಿ ಒಂದು ವರ್ಷ ಮುಟ್ಟಲಿಲ್ಲ. ಮುಂದಿನ ಆರ್ಡರುಗಳೆಲ್ಲ ಹೊಸ ನಿಯಮದಲ್ಲೇ ಬರತೊಡಗಿದಾಗ ತೆಗೆದೆ. ಅವರು ಬರೆದಂತೆ ಮಾಡಿದ ಹಾಸಿಗೆ ಮೊದಲ ಸಲಕ್ಕೇ ಯಂತ್ರವನ್ನು ದಾಟಿತು. ಇವತ್ತು ಘಟಕ ನಡೆಯುತ್ತಿದ್ದರೆ ಅದು ಆ ಒಂದು ಹಾಳೆಯ ಮೇಲೆ.

ಅವರು ನಿವೃತ್ತಿಯಾಗಿ ಬೇಲೂರಿಗೆ ಬಂದ ಮೇಲೆ ಒಮ್ಮೆ ಮಾತ್ರ ನಿಧಾನವಾಗಿ ಮಾತಾಡಲು ಸಿಕ್ಕಿದರು. ಹಳೇಬೀಡಿನಲ್ಲಿ ಬಸ್ಸು ಕೆಟ್ಟು ನಿಂತಿತ್ತು. ನೋಡಿದರೆ ಹಿಂದಿನ ಸೀಟಿನಲ್ಲಿ ಅವರು. ಇನ್ನೊಂದು ಬಸ್ಸು ಬರುವ ತನಕ ದೇವಸ್ಥಾನದ ಆವರಣದ ಹುಲ್ಲಿನ ಮೇಲೆ ಕೂತೆವು. ಅವರು ಎದ್ದು ಹೋಗಿ ಹೊರಗೋಡೆಯ ಸಾಲನ್ನು ಮಾಲು ನೋಡಿದ ಹಾಗೇ ನೋಡುತ್ತಾ ನಡೆದರು. ಒಂದು ಕಡೆ ನಿಂತು ನನ್ನನ್ನು ಕರೆದರು. ಅಲ್ಲೊಂದು ಮೂರ್ತಿ ಅರ್ಧಕ್ಕೆ ನಿಂತಿತ್ತು. ಮುಖ ಇನ್ನೂ ಬರೀ ಕಲ್ಲು.

"ನೋಡಿ, ಮುಗಿಸೋಕೆ ಆಗಿಲ್ಲ. ಆದ್ರೆ ಗಾರೆ ಮೆತ್ತಿ ಮುಚ್ಚಿಟ್ಟಿಲ್ಲ," ಎಂದರು. ಅವರ ಬಾಯಲ್ಲಿ ಹೊಗಳಿಕೆ ಎಂಬುದನ್ನು ನಾನು ಕೇಳಿದ್ದು ಅದೊಂದೇ ಸಲ. "ಹಳೇಬೀಡಿಗೆ ಏನು ಬಂದಿದ್ರಿ?" ಎಂದು ಕೇಳಿದೆ. "ಸ್ವಲ್ಪ ಕೆಲಸ ಇತ್ತು," ಎಂದು ಮಾತು ಬದಲಿಸಿ ಗಂಗಮ್ಮನ ಮೊಮ್ಮಗಳ ಓದು ಎಲ್ಲಿಗೆ ಬಂತು ಎಂದು ವಿಚಾರಿಸಿದರು.

ಕಂಡಕ್ಟರ್ ಸುದ್ದಿ ಹೇಳಿದ ಮುಂದಿನ ಭಾನುವಾರ ನಾನು ಬೇಲೂರಿಗೆ ಹೋದೆ. ಯಗಚಿ ಸೇತುವೆಯ ಈಚೆ ಒಂದು ಸಣ್ಣ ಮನೆ. ಅವರ ಹೆಂಡತಿ ಮಂಡಿ ಚಾಚಿ ಕುರ್ಚಿಯಲ್ಲಿ ಕೂತಿದ್ದರು. ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲವಂತೆ. "ಎಲ್ಲಿ ಮಲಗಿದ್ರು?" ಎಂದು ಯಾಕೋ ಕೇಳಿದೆ.

"ನೆಲದ ಮೇಲೆ, ಚಾಪೆ ಹಾಕ್ಕೊಂಡು. ಅವರಿಗೆ ಹಾಸಿಗೆ ಆಗ್ತಾನೇ ಇರಲಿಲ್ಲ ಕಣ್ರೀ. ಹಾಸ್ಟೆಲ್‌ನಲ್ಲಿ ಗೋಣಿಚೀಲದ ಮೇಲೆ ಮಲಗಿ ಬೆನ್ನು ಅದಕ್ಕೇ ಒಗ್ಗೋಗಿದೆ ಅನ್ನೋರು. ಊರಿಗೆಲ್ಲ ಹಾಸಿಗೆ ನೋಡೋ ಮನುಷ್ಯ." ಅವರಿಗೆ ನಗು ಬಂತು, ಹಿಂದೆಯೇ ಅಳು ಬಂತು. ನಾನು ಅವರ ಕೈ ಹಿಡಿದುಕೊಂಡು ಕೂತೆ.

ಹೊರಡುವಾಗ, "ನಿಮ್ಮ ಬಸ್ಸು ಹಳೇಬೀಡಿನ ಮೇಲೇ ತಾನೇ ಹೋಗೋದು? ಅಲ್ಲಿ ಹುಡುಗರ ಹಾಸ್ಟೆಲ್ ವಾರ್ಡನ್‌ಗೆ ಒಂದು ಮಾತು ಹೇಳ್ತೀರಾ? ತಿಂಗಳಿಗೊಂದು ಭಾನುವಾರ ಅಲ್ಲಿಗೆ ಹೋಗೋರು. ಏನು ಕೆಲಸ ಅಂತ ನನಗೂ ಹೇಳಿಲ್ಲ. ಪಾಪ, ಅವರು ಕಾಯ್ತಿರ್ತಾರೇನೋ," ಎಂದರು.

ಹಳೇಬೀಡಿನಲ್ಲಿ ಇಳಿದೆ. ವಾರ್ಡನ್ ನಡುವಯಸ್ಸಿನವರು. ವಿಷಯ ಕೇಳಿ ಕುರ್ಚಿ ಎಳೆದು ಕೂತರು. "ಹೋದ ತಿಂಗಳೇ ಬರ್ಲಿಲ್ಲ. ಹುಷಾರಿಲ್ವೇನೋ ಅಂದ್ಕೊಂಡೆ," ಎಂದರು.

"ಇಲ್ಲಿ ಏನು ಮಾಡೋರು?"

"ಹಾಸಿಗೆ ತಿರುಗಿಸೋರು ಮೇಡಂ."

ನನಗೆ ಅರ್ಥವಾಗಲಿಲ್ಲ. ಅವರು ಎದ್ದು ಕೋಣೆಗೆ ಕರೆದುಕೊಂಡು ಹೋದರು. ಸಾಲು ಮಂಚಗಳು. ಮೇಲೆ ನಮ್ಮದೇ ಹಾಸಿಗೆಗಳು. ಅಂಚಿನ ಹೊಲಿಗೆ ಗಂಗಮ್ಮನದು, ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ನಡುವೆ ಮಗುವೊಂದು ಮಲಗಿ ಎದ್ದುಹೋದ ಆಕಾರದ ತಗ್ಗು. ಕೇಸು ಗೆದ್ದು ನಾವು ಕಳಿಸಿದ ಮಾಲು ಅದು.

"ಈ ತಿಂಗಳು ತಲೆ ಇಟ್ಟ ಕಡೆ ಮುಂದಿನ ತಿಂಗಳು ಕಾಲು. ಅದರ ಮುಂದಿನ ತಿಂಗಳು ಮೇಲಿಂದು ಕೆಳಕ್ಕೆ. ಹಂಗೆ ಮಾಡಿದ್ರೆ ಒಂದೇ ಕಡೆ ತಗ್ಗಾಗಲ್ಲ, ಇನ್ನೊಂದೆರಡು ವರ್ಷ ಬರುತ್ತೆ ಅನ್ನೋರು. ಅರವತ್ತು ಮಂಚ. ಮೊದಮೊದಲು ಒಬ್ಬರೇ ಮಾಡೋರು. ಆಮೇಲೆ ಹುಡುಗರೂ ಕೈಹಾಕಿದ್ರು. ಯಾಕ್ ಸಾರ್ ನಿಮಗೆ ಈ ತಾಪತ್ರಯ, ರಿಟೈರ್ ಆಗಿದೀರಿ ಅಂದೆ. ಇವು ಇಲ್ಲಿಗೆ ಬಂದಿದ್ದು ನನ್ನ ಮಾತಿನ ಮೇಲೆ ಕಣ್ರೀ ಅಂದ್ರು."

ನಾನು ಒಂದು ಮಂಚದ ಮೇಲೆ ಕೂತೆ. ಹಾಸಿಗೆ ಕೆಳಗಿಳಿದು ಹಲಗೆ ತಾಗಿತು. ವಿಚಾರಣೆಯ ದಿನ ಅವರು ಹೇಳಿದ ಮೊದಲ ಮಾತನ್ನು ಎಷ್ಟೋ ಜನಕ್ಕೆ ಹೇಳಿಕೊಂಡು ತಿರುಗಿದ್ದೆ. ಎರಡನೆಯ ಮಾತನ್ನು ಒಬ್ಬರಿಗೂ ಹೇಳಿರಲಿಲ್ಲ. ವಾರ್ಡನ್ ನೀರು ತಂದುಕೊಟ್ಟರು. ಈ ಹಾಸಿಗೆ ಮಾಡಿದವರು ನಾವೇ ಎಂದು ಅವರಿಗೆ ಹೇಳಿದೆ. ಹೇಳದೆ ಆ ಕೋಣೆಯಿಂದ ಹೊರಗೆ ಬರಲು ನನ್ನಿಂದಾಗುತ್ತಿರಲಿಲ್ಲ.

ಘಟಕಕ್ಕೆ ಬಂದು ಹೆಂಗಸರನ್ನು ಕೂರಿಸಿಕೊಂಡು ಕಂಡದ್ದನ್ನೆಲ್ಲ ಹೇಳಿದೆ. ಗಂಗಮ್ಮ, "ನಾರೇನು ಬರವಾ ನಮ್ಗೆ? ಸಂಜೆ ಒಂದೊಂದ್ ಗಂಟೆ ಜಾಸ್ತಿ ಕುಂತ್ರಾಯ್ತು," ಎಂದಳು. ಎರಡು ತಿಂಗಳಲ್ಲಿ ಅರವತ್ತು ಹಾಸಿಗೆ ಸಿದ್ಧವಾದವು, ಅವರ ಹಾಳೆಯಲ್ಲಿದ್ದಂತೆ.

ಆದರೆ ಸರ್ಕಾರಿ ಹಾಸ್ಟೆಲ್ಲಿಗೆ ಯಾರೆಂದರೆ ಅವರು ಸಾಮಾನು ತಂದು ಹಾಕುವಂತಿಲ್ಲ. ಅರ್ಜಿ ಕೊಟ್ಟೆವು. ಅವರ ಜಾಗಕ್ಕೆ ಬಂದಿದ್ದ ಹೊಸ ಪರೀಕ್ಷಾಧಿಕಾರಿ ಸ್ಕೂಟರಿನಲ್ಲಿ ಬಂದಳು, ನನ್ನ ಮಗಳ ವಯಸ್ಸಿನವಳು. ಅವಳಿಗೆ ಅವರ ವಿಷಯ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಎರಡು ಹಾಸಿಗೆ ಯಂತ್ರಕ್ಕೆ ಕಳಿಸಿದಳು, ಪಾಸಾದವು. ಉಳಿದವನ್ನು ಹಳೇಬೀಡಿನ ಹಾಸ್ಟೆಲ್ಲಿನಲ್ಲಿ ಇಳಿಸಿದ ದಿನ ಒಂದೊಂದನ್ನೇ ಸುತ್ತಲೂ ಒತ್ತಿ ನೋಡುತ್ತಾ ಹೋದಳು. ಮೂರನ್ನು ಪಕ್ಕಕ್ಕೆ ಎಳೆದಳು.

"ಇವು ಬೇಡ ಮೇಡಂ. ಅಂಚು ಗಟ್ಟಿ ಇಲ್ಲ."

"ಇವರು ಸುಮ್ಮನೆ ಕೊಡ್ತಿರೋದಮ್ಮ ಇವನ್ನ," ಎಂದರು ವಾರ್ಡನ್, ನನ್ನ ಪರವಾಗಿ.

"ಸುಮ್ಮನೆ ಕೊಟ್ರೂ ಮಲಗೋರು ಮಲಗ್ತಾರಲ್ಲ ಸಾರ್," ಎಂದು ಅವಳು ತನ್ನ ಪಾಡಿಗೆ ಬರೆದುಕೊಂಡಳು.

ಆ ಮೂರನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಜಾವಗಲ್ ದಾರಿಯಾಗಿ ವಾಪಸ್ ಬಂದೆ. ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು. ಗಂಗಮ್ಮ ಗೇಟಿನಲ್ಲೇ ಕಾಯುತ್ತಿದ್ದಳು.

"ಯಾಕವ್ವ, ಮೂರು ವಾಪಸ್ ಬಂದವೆ?"

"ಅಂಚು ಗಟ್ಟಿ ಇಲ್ಲವಂತೆ."

ಅವಳು ಒಂದನ್ನು ಇಳಿಸಿಕೊಂಡು, ಹೆಬ್ಬೆರಳಿನಿಂದ ಅಂಚನ್ನು ಉದ್ದಕ್ಕೂ ಒತ್ತುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು.

"ದಿಟವಾಗ್ಲೂ ಇಲ್ಲ ಕಣವ್ವ," ಎಂದು ಒಳಗೆ ಹೋಗಿ ಕತ್ತರಿ ತಂದು, ತಾನೇ ಹಾಕಿದ ಹೊಲಿಗೆಯನ್ನು ಬಿಚ್ಚಲು ಕೂತಳು.